ಉತ್ತರ ಬಾರದ ಪತ್ರಕ್ಕೊಂದು ನೆನಪೋಲೆ

‘ಮೌನಂ ಸಮ್ಮತಿ ಲಕ್ಷಣಂ’ ಎನ್ನುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಆ ಮಾತು ನಡೆದೀತು. ಕಾಗದ ಪತ್ರದ ವ್ಯವಹಾರದಲ್ಲಿ ನಡೆಯುವುದಿಲ್ಲ. ಅಲ್ಲಿ ಮೌನ ಎಂದರೆ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಮೌನ ಎಂದರೆ ಮೌನ, ಅಷ್ಟೇ. ಬ್ಯಾಂಕಿನಲ್ಲಿ 37 ವರ್ಷ ಗುಮಾಸ್ತಿಕೆ ಮಾಡಿ 2011ರಲ್ಲಿ ನಿವೃತ್ತನಾದ ನನಗೆ ಬೇರೆ ಏನು ಗೊತ್ತಿದೆಯೋ ಇಲ್ಲವೋ, ಇದೊಂದು ಚೆನ್ನಾಗಿ ಗೊತ್ತು. ಆ 37 ವರ್ಷಗಳಲ್ಲಿ ನಾನು ಬರೆದ ಪತ್ರಗಳಲ್ಲಿ ಅರ್ಧಕ್ಕರ್ಧ, ‘ಹಿಂದೆ ಬರೆದ ಪತ್ರಕ್ಕೆ ತಮ್ಮಿಂದ ಉತ್ತರ ಬಂದಿಲ್ಲ’ ಎಂದು ನೆನಪಿಸುವ ಪತ್ರಗಳೇ. ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ಅದಕ್ಕೆ ‘ನೆನಪೋಲೆ’ ಎಂಬ ಚೆಂದದ ಹೆಸರಿದೆ. ನಾವು ರಿಮೈಂಡರ್ ಎನ್ನುತ್ತಿದ್ದೆವು.

ಈ ಹಳೆಯ ವಿದ್ಯೆಗೆ ಎಪ್ಪತ್ತು ದಾಟಿದ ಮೇಲೆ ಮತ್ತೆ ಕೆಲಸ ಬಂದೀತು ಎಂದು ನಾನು ಎಣಿಸಿರಲಿಲ್ಲ. ಬಂದದ್ದು ಮೊಮ್ಮಗಳಿಂದ. ಅವಳು ಅನುಭವಿಸಿದ ತಳಮಳ ಈಗ ಕಾಲೇಜಿಗೆ ಹೋಗುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೆ ಎಂದು ತಿಳಿದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಬಿ.ಕಾಂ. ಓದುವಾಗ ಬೇಸಿಗೆ ರಜೆ ಎಂದರೆ ಅಜ್ಜನ ಮನೆ, ಹಲಸಿನ ಹಪ್ಪಳ, ಹೊಳೆಯ ಸ್ನಾನ. ಈಗ ವಿಜ್ಞಾನ ಓದುವ ಮಕ್ಕಳ ರಜೆ ಹಾಗಿಲ್ಲ. ಎರಡು ತಿಂಗಳು ದೊಡ್ಡ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ, ಅನುಭವಿ ವಿಜ್ಞಾನಿಯೊಬ್ಬರ ಕೈಕೆಳಗೆ ಸಂಶೋಧನೆ ಕಲಿಯಲು ಹೋಗುತ್ತಾರೆ. ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಇಂಥ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಕಾರ್ಯಕ್ರಮವಿದೆ. ಇವಲ್ಲದೆ, ಇಷ್ಟವಾದ ವಿಷಯದ ಪ್ರಾಧ್ಯಾಪಕರಿಗೆ ನೇರವಾಗಿ ಬರೆದು ‘ನಿಮ್ಮಲ್ಲಿ ಕಲಿಯಲು ಬರಲೇ?’ ಎಂದು ಕೇಳುವ ಮಕ್ಕಳೂ ಇದ್ದಾರೆ. ನನ್ನ ಮೊಮ್ಮಗಳು ಈ ಕೊನೆಯ ದಾರಿ ಹಿಡಿದವಳು.

ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ, ಜನವರಿಯಲ್ಲಿ, ದೂರದ ಊರಿನ ಸಂಸ್ಥೆಯೊಂದರ ಪ್ರಾಧ್ಯಾಪಕರಿಗೆ ಇಮೇಲ್ ಬರೆದಳು. ಊರು, ಸಂಸ್ಥೆಯ ಹೆಸರು ಇಲ್ಲಿ ಬೇಡ. ನಾಲ್ಕೇ ದಿನದಲ್ಲಿ ಉತ್ತರ ಬಂತು: ‘ಮೇ 19ಕ್ಕೆ ಬನ್ನಿ. ನಮ್ಮಲ್ಲಿರುವ ಇನ್ನೊಬ್ಬ ಯುವ ವಿಜ್ಞಾನಿ ನಿಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಮುಂದಿನ ವಿವರ ಅವರಿಂದ ತಿಳಿಯಿರಿ.’ ಜೊತೆಗೆ ಓದಿಕೊಂಡು ಬರಲು ಎರಡು ಪ್ರಬಂಧಗಳ ಹೆಸರನ್ನೂ ಬರೆದಿದ್ದರು. ಮನೆಯಲ್ಲಿ ಅವತ್ತು ಪಾಯಸ. ನಮ್ಮ ವಂಶದಲ್ಲಿ ಸಂಶೋಧನೆ ಎಂಬ ಪದದ ಹತ್ತಿರ ಹೋದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ಫೆಬ್ರುವರಿ 10ರಂದು ಅವಳು ಇಬ್ಬರಿಗೂ ಸೇರಿಸಿ ಒಂದು ಪತ್ರ ಬರೆದಳು. ಹಾಸ್ಟೆಲ್ ಇದೆಯೇ, ಏನು ಕೆಲಸ, ಯಾವ ಸಾಫ್ಟ್‌ವೇರ್ ಕಲಿತಿರಬೇಕು, ಕಾಲೇಜಿನ ನಮೂನೆಗೆ ಯಾರು ಸಹಿ ಹಾಕುತ್ತಾರೆ, ಮೇ 19 ಖಚಿತವೇ ಎಂದು ಒಟ್ಟು ಎಂಟು ಪ್ರಶ್ನೆ. ಉತ್ತರ ಬರಲಿಲ್ಲ. ಒಂದು ವಾರ ಆಯಿತು, ಎರಡಾಯಿತು, ಮೂರಾಯಿತು. ಊಟಕ್ಕೆ ಕುಳಿತಾಗಲೂ ಫೋನು ಬಟ್ಟಲಿನ ಪಕ್ಕದಲ್ಲೇ.

ಕಾಯಲು ಅವಳಿಗೆ ವ್ಯವಧಾನ ಇತ್ತು, ಆದರೆ ತಾರೀಕುಗಳು ಕಾಯುವುದಿಲ್ಲವಲ್ಲ. ಸಹಿಯಾದ ನಮೂನೆಯನ್ನು ಕಾಲೇಜಿಗೆ ಕೊಡಲು ಮಾರ್ಚ್ 28 ಕಡೆಯ ದಿನ. ಅದಿಲ್ಲದೆ ಕಾಲೇಜು ಅನುಮತಿ ಕೊಡದು. ಶಿವಮೊಗ್ಗದಿಂದ ಅಲ್ಲಿಗೆ ಎರಡು ರಾತ್ರಿಯ ಪ್ರಯಾಣ, ಮೇ 16ಕ್ಕೆ ಹೊರಡಬೇಕು. ಮೊದಲಾದರೆ ರೈಲಿನ ಟಿಕೆಟ್ಟನ್ನು 120 ದಿನ ಮುಂಚೆ ಕಾಯ್ದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಎಂದರೆ ಮಾರ್ಚ್ 17ಕ್ಕೆ ಬುಕಿಂಗ್ ಶುರು, ಬೇಸಿಗೆ ರಜೆಯ ನೂಕುನುಗ್ಗಲು ಬೇರೆ. ಇದರ ಮೇಲೆ, ಅವಳದೇ ಕಾಲೇಜಿನ ಮೇಡಂ ಒಬ್ಬರು ‘ಅಲ್ಲಿ ಆಗದಿದ್ದರೆ ನನ್ನ ಹತ್ತಿರ ಒಂದು ಸಣ್ಣ ಪ್ರಾಜೆಕ್ಟ್ ಇದೆ, ತಿಂಗಳ ಕೊನೆಯೊಳಗೆ ಹೇಳು’ ಎಂದಿದ್ದರು. ಕೈಯಲ್ಲಿರುವುದನ್ನು ಹಿಡಿಯಬೇಕೋ, ದೂರದ್ದಕ್ಕೆ ಕಾಯಬೇಕೋ?

ಮನೆಯಲ್ಲಿ ಪ್ರತಿಯೊಬ್ಬರದೂ ಒಂದೊಂದು ಸಲಹೆ. ನನ್ನ ಹೆಂಡತಿ, “ದೊಡ್ಡೋರಿಗೆ ಪದೇ ಪದೇ ಬರೆದು ತಲೆ ತಿನ್ನಬಾರದು ಕಣೇ. ಬೇಜಾರು ಮಾಡ್ಕೊಂಡು ಬರೋದೇ ಬೇಡ ಅಂದುಬಿಟ್ರೆ?” ಎಂದಳು. ಸೊಸೆ, “ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳೋಕಾಗದೆ ಸುಮ್ಮನಿದ್ದಾರೆ ಅನ್ಸುತ್ತೆ. ಇಲ್ಲೇ ಮೇಡಂ ಹತ್ರ ಮಾಡು” ಎಂದಳು. ಮಗ ಫೋನು ಕೈಗೆತ್ತಿಕೊಂಡು, “ನಂಬರ್ ಕೊಡು, ನಾನೇ ಮಾತಾಡ್ತೀನಿ” ಎಂದ. ಮೊಮ್ಮಗಳು ಮಾತ್ರ ಸುಮ್ಮನೆ ಒಳಗೆ ಹೋಗಿ, ಒಂದು ಗಂಟೆ ಕೂತು, ಒಂದು ಕರಡು ಬರೆದುಕೊಂಡು ಬಂದು ನನ್ನ ಮುಂದೆ ಹಿಡಿದಳು. “ಅಜ್ಜ, ಇದನ್ನ ಕಳಿಸಲಾ?”

ಒಂದೂವರೆ ಪುಟದ ಪತ್ರ. ‘ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ’ ಎಂದು ಮೂರು ಕಡೆ ಇತ್ತು. ‘ಬಹುಶಃ ನಾನು ತಮಗೆ ಬೇಡವಾಗಿದ್ದೇನೆ’ ಎಂದು ಒಂದು ಕಡೆ. ಕೊನೆಯಲ್ಲಿ ‘ಉತ್ತರಿಸುವುದು ಕನಿಷ್ಠ ಸೌಜನ್ಯ’ ಎಂಬ ಒಂದು ಮಾತು. ಎಂಟು ಪ್ರಶ್ನೆಗಳು ಈಗ ಹನ್ನೊಂದಾಗಿದ್ದವು. ಹೆದರಿಕೆ, ಸಿಟ್ಟು, ದೈನ್ಯ ಎಲ್ಲ ಒಂದೇ ಪತ್ರದಲ್ಲಿ.

ನನಗೆ ನಮ್ಮ ಕಲೆಕ್ಷನ್ ಮೇಜು ನೆನಪಾಯಿತು. ಕಂಪ್ಯೂಟರ್ ಬರುವ ಮುಂಚಿನ ಮಾತು. ಗಿರಾಕಿಯೊಬ್ಬರು ಹೊರ ಊರಿನ ಚೆಕ್ಕು ತಂದರೆ ಅದನ್ನು ರಿಜಿಸ್ಟರಿನಲ್ಲಿ ಬರೆದು ಆ ಊರಿನ ಶಾಖೆಗೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಅಲ್ಲಿಂದ ಹಣ ಬಂತೆಂಬ ಪತ್ರ ಬಂದ ಮೇಲೆಯೇ ಗಿರಾಕಿಯ ಖಾತೆಗೆ ಜಮೆ. ರಿಜಿಸ್ಟರಿನ ಕೊನೆಯ ಅಂಕಣ ‘ಹಣ ಬಂದ ದಿನಾಂಕ’. ಅದು ಖಾಲಿ ಇದ್ದರೆ ಅದರ ಹಿಂದೆ ಒಬ್ಬ ಮನುಷ್ಯ ಕಾಯುತ್ತಿದ್ದಾನೆ ಎಂದು ಅರ್ಥ. ಒಮ್ಮೆ ಒಬ್ಬ ಶಾಲಾ ಮೇಷ್ಟ್ರ ಚೆಕ್ಕು ಹೀಗೆ ಹೋಗಿ ಸುದ್ದಿಯೇ ಇಲ್ಲ. ಮಗಳ ಮದುವೆಯ ಹಣ, ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ನನ್ನ ಪಕ್ಕದ ಮೇಜಿನವನಿಗೆ ಸಂಕಟವಾಗಿ ಆ ಶಾಖೆಗೆ ಒಂದು ಖಾರವಾದ ರಿಮೈಂಡರ್ ಬರೆದ. ಮ್ಯಾನೇಜರು ಅದಕ್ಕೆ ಸಹಿ ಹಾಕಲಿಲ್ಲ. ಅವನನ್ನು ಕರೆದು ಹೇಳಿದ ಮಾತು ನನ್ನ ಕಿವಿಗೂ ಬಿತ್ತು: “ಆ ಕಡೆ ಕೂತಿರೋನೂ ನಿಮ್ಮ ಹಾಗೇ ಒಬ್ಬ ಗುಮಾಸ್ತ ಕಣ್ರೀ. ಅವನ ಮೇಜಿನ ಮೇಲೂ ಇಷ್ಟೇ ಕಾಗದ ಇದೆ. ರಿಮೈಂಡರಿನಲ್ಲಿ ಅವನ ತಪ್ಪು ಹುಡುಕಬೇಡಿ. ಅವನ ಕಾಗದ ಹುಡುಕಿಕೊಡಿ.”

ಪತ್ರ ಹೊಸದಾಗಿ ಟೈಪಾಯಿತು. ಚೆಕ್ಕಿನ ನಂಬರು, ಮೊತ್ತ, ಕಳಿಸಿದ ದಿನ, ನಮ್ಮ ಪತ್ರದ ಸಂಖ್ಯೆ, ಜೊತೆಗೆ ಹಿಂದಿನ ಪತ್ರದ ನಕಲು. ಎಂಟು ದಿನಕ್ಕೆ ಹಣ ಬಂತು. ‘ಅವನ ಕಾಗದ ಹುಡುಕಿಕೊಡಿ’ ಎಂಬ ಆ ಮಾತನ್ನು ನಾನು ಮತ್ತೆಂದೂ ಮರೆಯಲಿಲ್ಲ. ನೆನಪೋಲೆಯ ಶಾಸ್ತ್ರವೆಲ್ಲ ಅದರಲ್ಲೇ ಇದೆ.

ಮೊಮ್ಮಗಳಿಗೆ ಈ ಕತೆ ಹೇಳಿದೆ. ಆಮೇಲೆ ಇಬ್ಬರೂ ಅವಳ ಕರಡನ್ನು ಮುಂದಿಟ್ಟುಕೊಂಡು ಕುಳಿತೆವು. ಮೊದಲು ಕ್ಷಮಾಪಣೆಗಳು ಹೋದವು. “ಸಾಲ ಕೇಳೋಕೆ ಬಂದವನು ಬಾಗಿಲಲ್ಲೇ ಹತ್ತು ಸಲ ಕೈ ಮುಗಿದರೆ ಮ್ಯಾನೇಜರಿಗೆ ಅನುಮಾನ ಶುರುವಾಗುತ್ತೆ ಪುಟ್ಟೀ. ನೀನು ತಪ್ಪೇನೂ ಮಾಡಿಲ್ಲ, ಬರೋಕೆ ಹೇಳಿದವರು ಅವರು” ಎಂದೆ. ‘ಕನಿಷ್ಠ ಸೌಜನ್ಯ’ವೂ ಹೋಯಿತು. ನೆನಪಿಸಿಕೊಂಡವರಿಗೆ ನಾಚಿಕೆಯಾಗುವಂತೆ ಬರೆದರೆ ಅವರು ಉತ್ತರವನ್ನು ಇನ್ನಷ್ಟು ಮುಂದೆ ಹಾಕುತ್ತಾರೆ. ಇದು ಮನುಷ್ಯ ಸ್ವಭಾವ. ಹನ್ನೊಂದು ಪ್ರಶ್ನೆಗಳಲ್ಲಿ ಒಂಬತ್ತನ್ನು ಅವಳೇ ಹೊಡೆದು ಹಾಕಿದಳು. ಹಾಸ್ಟೆಲ್ಲಿನ ವಿವರ ಸಂಸ್ಥೆಯ ವೆಬ್‌ಸೈಟಿನಲ್ಲೇ ಇತ್ತು. ಸಾಫ್ಟ್‌ವೇರಿನ ಮಾತು ಅಲ್ಲಿಗೆ ಹೋದ ಮೇಲೂ ಆಡಬಹುದು. ಉಳಿದದ್ದು ಎರಡು: ತಾರೀಕು ಮತ್ತು ಸಹಿ.

ಅವಳು ಇಂಗ್ಲಿಷಿನಲ್ಲಿ ಬರೆದದ್ದರ ತಿರುಳು ಹೀಗಿತ್ತು:

‘ಮಾನ್ಯರೇ, ಫೆಬ್ರುವರಿ 10ರ ನನ್ನ ಪತ್ರ ಇದರ ಕೆಳಗೇ ಇದೆ. ಮೇ 19ಕ್ಕೆ ತಮ್ಮ ಪ್ರಯೋಗಾಲಯಕ್ಕೆ ಬರುವ ಸಿದ್ಧತೆಯಲ್ಲಿದ್ದೇನೆ. ಸದ್ಯಕ್ಕೆ ತಮ್ಮಿಂದ ಬೇಕಿರುವುದು ಎರಡು. ಒಂದು, ಆ ದಿನಾಂಕ ಸರಿಯೇ? ಸರಿ ಎಂಬ ಒಂದು ಮಾತು ಸಾಕು. ಎರಡು, ಜೊತೆಗಿಟ್ಟಿರುವ ನಮೂನೆಗೆ ಸಹಿ. ನನ್ನ ವಿವರವನ್ನೆಲ್ಲ ತುಂಬಿದ್ದೇನೆ. ಅದನ್ನು ಕಾಲೇಜಿಗೆ ಕೊಡಲು ಮಾರ್ಚ್ 28 ಕಡೆಯ ದಿನ. ಉಳಿದ ವಿಷಯಗಳಿಗೆ ಅವಸರವಿಲ್ಲ. ತಾವು ತಿಳಿಸಿದ ಎರಡು ಪ್ರಬಂಧಗಳಲ್ಲಿ ಮೊದಲನೆಯದನ್ನು ಓದಿ ಮುಗಿಸಿದ್ದೇನೆ. ವಂದನೆಗಳು.’

ಓದುವ ಮಕ್ಕಳು ಇದರಲ್ಲಿ ಕೆಲವು ಸಂಗತಿ ಗಮನಿಸಬೇಕು. ಹೊಸ ಇಮೇಲ್ ಬರೆಯದೆ ಹಳೆಯದರ ಮೇಲೇ ಬರೆದದ್ದರಿಂದ ಹಿಂದಿನ ಪತ್ರವನ್ನು ಅವರು ಹುಡುಕಬೇಕಾಗಿಲ್ಲ. ನಮೂನೆಯನ್ನು ತುಂಬಿಯೇ ಇಟ್ಟದ್ದರಿಂದ ಅವರಿಗೆ ಉಳಿದದ್ದು ಸಹಿಯ ಕೆಲಸ ಮಾತ್ರ. ‘ಬೇಗ ಉತ್ತರಿಸಿ’ ಎಂದರೆ ಯಾವಾಗ ಎಂದು ಯಾರಿಗೂ ತಿಳಿಯದು. ‘ಮಾರ್ಚ್ 28, ಕಾರಣ ಇದು’ ಎಂದರೆ ತಿಳಿಯುತ್ತದೆ. ಪ್ರಬಂಧ ಓದಿದ್ದೇನೆ ಎಂಬ ಮಾತು ಹೊಗಳಿಕೆಗಿಂತ ಮೇಲು, ಏಕೆಂದರೆ ಈ ಹುಡುಗಿ ಕೆಲಸ ಶುರು ಮಾಡಿಯಾಗಿದೆ ಎಂದು ಅದು ಹೇಳುತ್ತದೆ. ಮಾತು ಸುಳ್ಳಾಗಬಾರದು, ಅಷ್ಟೇ. ಹಾಗಾಗಿ ಓದಿ ಮುಗಿಸಿದ ಮೇಲೆಯೇ ಆ ವಾಕ್ಯ ಸೇರಿಸಿದಳು.

ಮಾರ್ಚ್ 4, ಮಂಗಳವಾರ ಬೆಳಗ್ಗೆ ಹತ್ತಕ್ಕೆ ಪತ್ರ ಹೋಯಿತು. ರಾತ್ರಿ ಹನ್ನೊಂದಕ್ಕೋ ಭಾನುವಾರವೋ ಕಳಿಸಿದರೆ ಸೋಮವಾರದ ರಾಶಿಯಲ್ಲಿ ಅಡಿಗೆ ಬೀಳುತ್ತದೆ.

ಉತ್ತರ ಬರಲಿಲ್ಲ. ಅವಳ ಮುಖ ಮತ್ತೆ ಬಾಡಿತು. ಒಂದು ಸಂಜೆ ತುಂಗಾ ಹೊಳೆಯ ಕಡೆ ನಡೆದುಕೊಂಡು ಹೋಗುವಾಗ, “ಎಲ್ಲರಿಗೂ ಕೂಡಲೇ ಉತ್ತರ ಸಿಗುತ್ತೆ, ನಂಗೊಬ್ಬಳಿಗೇ ಹೀಗೆ” ಎಂದಳು. ಅದಕ್ಕೆ ನಾನು ಅವಳಿಗೆ ಇನ್ನೊಬ್ಬ ಗುಮಾಸ್ತನ ವಿಷಯ ಹೇಳಿದೆ. ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ವರ್ಷಕ್ಕೆ ಕೇವಲ 20 ಪೌಂಡ್ ಸಂಬಳದ ಲೆಕ್ಕಪತ್ರ ಗುಮಾಸ್ತ, ಶ್ರೀನಿವಾಸ ರಾಮಾನುಜನ್. ಕೇಂಬ್ರಿಜ್‌ನ ಹಾರ್ಡಿಯವರಿಗೆ ಅವರು ಪತ್ರ ಬರೆದದ್ದು 1913ರ ಜನವರಿ 16ರಂದು. ಅದು ಅವರ ಮೊದಲ ಪ್ರಯತ್ನವಲ್ಲ. ಅದಕ್ಕೆ ಮುಂಚೆ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ಹೆಸರಾಂತ ಗಣಿತಜ್ಞರಿಗೆ ಬರೆದಿದ್ದರು, ಅವರಿಂದ ನೆರವು ಸಿಕ್ಕಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ? ಮೂರನೆಯ ಪತ್ರವನ್ನು ಹಾರ್ಡಿ ಓದಿದರು, ಫೆಬ್ರುವರಿ 8ರಂದು ಉತ್ತರ ಬರೆದರು. ಮರುವರ್ಷ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದರು.

ಇನ್ನೊಂದು, ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸರದು. 1924ರ ಜೂನ್ 4ರಂದು ತಮ್ಮ ಪ್ರಬಂಧವನ್ನು ಐನ್‌ಸ್ಟೀನರಿಗೆ ಕಳಿಸಿ, ಯೋಗ್ಯವೆನಿಸಿದರೆ ಪ್ರಕಟಣೆಗೆ ನೆರವಾಗಿ ಎಂದು ಕೇಳಿದರು. ಉತ್ತರ ಬರುವ ತನಕ ಕೈಕಟ್ಟಿ ಕೂರದೆ ಜೂನ್ 15ಕ್ಕೆ ಎರಡನೆಯ ಪ್ರಬಂಧವನ್ನೂ ಕಳಿಸಿದರು. ಜುಲೈ 2ರಂದು ಐನ್‌ಸ್ಟೀನ್ ಒಂದು ಕಾರ್ಡು ಬರೆದರು. ಮೊದಲ ಪ್ರಬಂಧವನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಅಚ್ಚಿಗೆ ಕಳಿಸಿದ್ದರು. ಬೋಸರು ಯುರೋಪಿಗೆ ಹೋಗಲು ಆ ಒಂದು ಕಾರ್ಡು ದೊಡ್ಡ ಬಲವಾಯಿತು.

“ನಾನೇನು ರಾಮಾನುಜನ್ನಾ ಅಜ್ಜ?” ಎಂದಳು. “ಅಲ್ಲ. ಆದರೆ ಅವರಿಗೇ ಮೂರನೇ ಪತ್ರ ಬೇಕಾಯ್ತು ಅಂದ್ರೆ, ನಮಗೆ ಎರಡನೇದಕ್ಕೇ ಅವಮಾನ ಯಾಕೆ?” ಎಂದೆ. ನಕ್ಕಳು. ನನಗೆ ಅಷ್ಟು ಸಾಕಾಗಿತ್ತು.

ಮಾರ್ಚ್ 13ಕ್ಕೆ ಎರಡನೆಯ ನೆನಪೋಲೆ. ಈ ಸಲ ಒಂದು ಬದಲಾವಣೆ. ಇಬ್ಬರು ಅಧಿಕಾರಿಗಳು ನೋಡಬೇಕಾದ ಕಾಗದ ಬ್ಯಾಂಕಿನಲ್ಲಿ ಯಾವಾಗಲೂ ಇಬ್ಬರ ಮೇಜಿನ ನಡುವೆ ಎಲ್ಲೋ ಮಲಗಿರುತ್ತದೆ. ಇವರು ಅವರು ನೋಡಿದ್ದಾರೆ ಎಂದುಕೊಂಡಿರುತ್ತಾರೆ, ಅವರು ಇವರು ನೋಡಿದ್ದಾರೆ ಎಂದುಕೊಂಡಿರುತ್ತಾರೆ. ಇಬ್ಬರಿಗೆ ಬರೆದ ಪತ್ರ ಒಬ್ಬರಿಗೂ ಬರೆದಂತಾಗುವುದಿಲ್ಲ. ಹಾಗಾಗಿ ಅವಳು ಪ್ರಾಧ್ಯಾಪಕರಿಗೆ ಬೇರೆಯಾಗಿ ‘ತಮ್ಮಿಂದ ಸಹಿ’ ಎಂದೂ, ಯುವ ವಿಜ್ಞಾನಿಗೆ ಬೇರೆಯಾಗಿ ‘ತಮ್ಮಿಂದ ದಿನಾಂಕ’ ಎಂದೂ ಬರೆದಳು. ಯಾರನ್ನು ಏನು ಕೇಳಿದ್ದೇನೆ ಎಂದು ಇಬ್ಬರಿಗೂ ತಿಳಿಸಿದಳು. ಪತ್ರ ಮೊದಲಿಗಿಂತ ಚಿಕ್ಕದು, ಐದೇ ಸಾಲು. ನಮೂನೆಯನ್ನು ಮತ್ತೆ ಜೊತೆಗಿಟ್ಟಳು. ದನಿಯಲ್ಲಿ ಬಿಸಿ ಏರಿಸಲಿಲ್ಲ. ಎರಡನೆಯ ಪತ್ರ ಮೊದಲನೆಯದಕ್ಕಿಂತ ಚಿಕ್ಕದಾಗಬೇಕೇ ಹೊರತು ಗಡುಸಾಗಬಾರದು.

ಕಾಯುವಾಗ ಸುಮ್ಮನೆ ಕಾಯಬಾರದು ಎಂಬುದೂ ನಮ್ಮ ಬ್ಯಾಂಕಿನ ಪಾಠವೇ. ಮಾರ್ಚ್ 17ರ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಟಿಕೆಟ್ ಕಾಯ್ದಿರಿಸಿದೆವು. ಹೋಗುವುದೇ ರದ್ದಾದರೆ ಸ್ಲೀಪರ್ ಟಿಕೆಟ್ಟಿನಲ್ಲಿ ಕಳೆದುಕೊಳ್ಳುವ ಹಣ ಸ್ವಲ್ಪವೇ. ಹೋಗುವುದು ಖಚಿತವಾದ ಮೇಲೆ ಟಿಕೆಟ್ ಸಿಗದಿದ್ದರೆ ಆಗುವ ನಷ್ಟ ದೊಡ್ಡದು. ಕಾಲೇಜಿನ ಮೇಡಂ ಹತ್ತಿರ ಹೋಗಿ ಇದ್ದ ವಿಷಯ ಇದ್ದ ಹಾಗೆ ಹೇಳಿ, 28ರ ತನಕ ಸಮಯ ಕೊಡಿ ಎಂದು ಕೇಳಿದಳು. ಅವರು ಸಂತೋಷದಿಂದ ಒಪ್ಪಿದರು. ಬಚ್ಚಿಟ್ಟು ಎರಡು ದೋಣಿಯಲ್ಲಿ ಕಾಲಿಡುವುದು ಬೇರೆ, ಹೇಳಿ ಸಮಯ ಕೇಳುವುದು ಬೇರೆ.

ಒಂದು ವಾರ ಕಳೆದರೂ ಸದ್ದಿಲ್ಲ. ಮಗ ಮತ್ತೆ ಫೋನು ಎತ್ತಿದ. ನಾನು ಬೇಡವೆಂದೆ. ತಂದೆತಾಯಿಗಳಿಗೆ ಇಲ್ಲೊಂದು ಮಾತು. ನಿಮ್ಮ ಕಾಳಜಿ ದೊಡ್ಡದೇ. ಆದರೆ ಅಲ್ಲಿಗೆ ಹೋಗಿ ಎರಡು ತಿಂಗಳು ಕೆಲಸ ಮಾಡುವವಳು ಅವಳು. ಅಪ್ಪ ಫೋನು ಮಾಡಿದರೆ, ಈ ಹುಡುಗಿಗೆ ಒಂದು ಫೋನು ಮಾಡಲೂ ಬರುವುದಿಲ್ಲ ಎಂದು ಆ ಕಡೆಯವರು ಮೊದಲ ದಿನವೇ ತೀರ್ಮಾನಿಸುತ್ತಾರೆ. ಪಕ್ಕದಲ್ಲಿ ಕುಳಿತುಕೊಳ್ಳಿ, ಬೇಕಾದರೆ ನೀರು ಕೊಡಿ, ಮಾತು ಅವಳೇ ಆಡಲಿ.

ಫೋನು ಮಾಡಬೇಕಾದದ್ದು ಪ್ರಾಧ್ಯಾಪಕರ ಮೊಬೈಲಿಗೂ ಅಲ್ಲ, ವಿಭಾಗದ ಕಚೇರಿಗೆ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಇರುತ್ತಾನೆ. ಯಾರು ರಜೆಯಲ್ಲಿದ್ದಾರೆ, ಯಾರು ಯಾವ ಕಾಗದ ಎಷ್ಟು ಹೊತ್ತಿಗೆ ನೋಡುತ್ತಾರೆ, ಇದು ನಿರ್ದೇಶಕರಿಗೆ ಗೊತ್ತಿರದಿದ್ದರೂ ಅವನಿಗೆ ಗೊತ್ತಿರುತ್ತದೆ. ಇದನ್ನು ನಾನು ಜಾತಿಯಭಿಮಾನದಿಂದ ಹೇಳುತ್ತಿದ್ದೇನೆ ಎಂದು ಬೇಕಾದರೆ ತಿಳಿಯಿರಿ, ನಮ್ಮದು ಗುಮಾಸ್ತರ ಜಾತಿ. ಮಾರ್ಚ್ 20ರ ಗುರುವಾರ ಹನ್ನೊಂದೂವರೆಗೆ ಅವಳು ಫೋನು ಮಾಡಿದಳು. ಆ ಹೊತ್ತಿಗೆ ಬೆಳಗಿನ ಗಡಿಬಿಡಿ ಮುಗಿದಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು: ನಾನು ಯಾರು, ಯಾರ ಹತ್ತಿರ ಬರಬೇಕಾದವಳು, ಏನು ಬೇಕು, ಯಾವಾಗಿನೊಳಗೆ. ‘ಅವರು ಉತ್ತರಿಸುತ್ತಿಲ್ಲ’ ಎಂದು ದೂರು ಹೇಳಬೇಡ, ‘ಅವರಿಗೆ ತಲುಪಿಸಲು ಒಳ್ಳೆಯ ದಾರಿ ಯಾವುದು’ ಎಂದು ಕೇಳು ಎಂದಿದ್ದೆ.

ಆ ಕಡೆಯವರು ಹಿಂದಿಯಲ್ಲಿ, ಇವಳು ಇಂಗ್ಲಿಷಿನಲ್ಲಿ. ಐದು ನಿಮಿಷದಲ್ಲಿ ಎಲ್ಲ ತಿಳಿಯಿತು. ಯುವ ವಿಜ್ಞಾನಿ ಫೆಬ್ರುವರಿಯ ಮೊದಲ ವಾರದಲ್ಲೇ ಆರು ತಿಂಗಳ ಮಟ್ಟಿಗೆ ವಿದೇಶಕ್ಕೆ ಹೋಗಿದ್ದಾರೆ. ಪ್ರಾಧ್ಯಾಪಕರು ಯಾವುದೋ ಸಮಿತಿಯ ಕೆಲಸದಲ್ಲಿ ಎರಡು ವಾರದಿಂದ ಓಡಾಡುತ್ತಿದ್ದಾರೆ, ನಾಳೆ ಬೆಳಗ್ಗೆ ಒಂದು ಗಂಟೆ ಕಚೇರಿಯಲ್ಲಿ ಇರುತ್ತಾರೆ. ‘ನಮೂನೆಯನ್ನು ನನಗೆ ಕಳಿಸಮ್ಮ, ಪ್ರಿಂಟ್ ತೆಗೆದು ಸಹಿಗೆ ಹೋಗುವ ಫೈಲಿನಲ್ಲಿ ಇಡುತ್ತೇನೆ’ ಎಂದರಂತೆ ಆ ಪುಣ್ಯಾತ್ಮರು. ತುಂಬಿಟ್ಟ ನಮೂನೆ ಸಿದ್ಧವಾಗಿದ್ದದ್ದರಿಂದ ಎರಡೇ ನಿಮಿಷದಲ್ಲಿ ಕಳಿಸಿದಳು.

ಮರುದಿನ ಮಧ್ಯಾಹ್ನ ಸಹಿಯಾದ ನಮೂನೆ ಬಂತು. ಸಂಜೆ ಪ್ರಾಧ್ಯಾಪಕರದೇ ಮೂರು ಸಾಲಿನ ಪತ್ರ. ‘ಸಹೋದ್ಯೋಗಿ ನಿಮಗೆ ಬರೆದಿರುತ್ತಾರೆ ಎಂದುಕೊಂಡಿದ್ದೆ. ನೆನಪಿಸಿದ್ದು ಒಳ್ಳೆಯದಾಯಿತು. ಮೇ 19ಕ್ಕೆ ಬನ್ನಿ, ಎರಡನೆಯ ಪ್ರಬಂಧವನ್ನೂ ಓದಿಕೊಂಡು ಬನ್ನಿ.’ ಸಿಟ್ಟಿಲ್ಲ, ಬೇಸರವಿಲ್ಲ. ಒಂದೂವರೆ ತಿಂಗಳು ನಮ್ಮ ಮನೆಯ ನಿದ್ದೆ ಕೆಡಿಸಿದ ಮೌನದ ಹಿಂದೆ ಇದ್ದದ್ದು ಇಷ್ಟೇ: ಒಬ್ಬರು ಇನ್ನೊಬ್ಬರನ್ನು ನಂಬಿದ್ದರು, ಆ ಇನ್ನೊಬ್ಬರು ಊರಲ್ಲೇ ಇರಲಿಲ್ಲ. ನಮ್ಮ ಹುಡುಗಿ ಬೇಡವಾದವಳೇನೂ ಆಗಿರಲಿಲ್ಲ. ಅದೇ ಸಂಜೆ ಮೇಡಂಗೆ ಹೋಗಿ ಧನ್ಯವಾದ ಹೇಳಿದಳು. ಆ ಪ್ರಾಜೆಕ್ಟು ಅವಳ ಕಿರಿಯ ವಿದ್ಯಾರ್ಥಿಯೊಬ್ಬನಿಗೆ ಹೋಯಿತು. ಆ ಸಲದ ಯುಗಾದಿಗೆ ಒಬ್ಬಟ್ಟು ಎಂದಿಗಿಂತ ಸಿಹಿಯಾಗಿತ್ತು.

ಎಲ್ಲ ಸಲವೂ ಹೀಗೆ ಒಳ್ಳೆಯದಾಗಿಯೇ ಮುಗಿಯುತ್ತದೆ ಎಂದು ನಾನು ಹೇಳುವುದಿಲ್ಲ. ಬ್ಯಾಂಕಿನಲ್ಲೂ ಉತ್ತರವೇ ಬಾರದ ಪತ್ರಗಳಿದ್ದವು. ಅಂಥದಕ್ಕೂ ಒಂದು ಕ್ರಮವಿತ್ತು. ಎರಡು ನೆನಪೋಲೆ, ಆಮೇಲೆ ಇನ್ನೊಂದು ಬಾಗಿಲು, ಆಮೇಲೆ ನಿಲ್ಲಿಸುವುದು. ವಿದ್ಯಾರ್ಥಿಗಳಿಗೂ ಅದು ಸರಿ. ಒಂದು ಪತ್ರಕ್ಕೂ ಇನ್ನೊಂದಕ್ಕೂ ನಡುವೆ ಒಂದು ವಾರ, ಹತ್ತು ದಿನ ಬಿಡಬೇಕು. ದಿನಾ ಬರೆಯುವುದು, ರಾತ್ರಿ ವಾಟ್ಸ್ಯಾಪ್ ಮಾಡುವುದು, ಫೇಸ್‌ಬುಕ್ಕಿನಲ್ಲಿ ಹುಡುಕಿ ಸಂದೇಶ ಕಳಿಸುವುದು ನೆನಪಿಸುವುದಾಗದು, ಬೆನ್ನು ಹತ್ತುವುದಾಗುತ್ತದೆ. ಇನ್ನೊಂದು ಬಾಗಿಲು ಎಂದರೆ ವಿಭಾಗದ ಕಚೇರಿ, ಆ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹಿರಿಯ ವಿದ್ಯಾರ್ಥಿಗಳು, ಕಾರ್ಯಕ್ರಮ ನಡೆಸುವವರು ಅಥವಾ ನಿಮ್ಮದೇ ಕಾಲೇಜಿನ ಮೇಷ್ಟ್ರು. ಅಲ್ಲೂ ಉತ್ತರ ಸಿಗದಿದ್ದರೆ, ‘ಇಂಥ ದಿನದೊಳಗೆ ತಿಳಿಯದಿದ್ದರೆ ನಾನು ಬೇರೆ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ, ಮುಂದೆ ಎಂದಾದರೂ ತಮ್ಮಲ್ಲಿ ಕಲಿಯುವ ಆಸೆಯಿದೆ’ ಎಂದು ಒಂದು ಕೊನೆಯ ಪತ್ರ ಬರೆದು, ಆ ದಿನ ಬಂದಾಗ ನಿಜವಾಗಿಯೂ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದರೆ ಸಾಕು, ಬಡಿಯಬೇಕಾಗಿಲ್ಲ. ಅದೇ ಬಾಗಿಲಿಗೆ ಇನ್ನೊಂದು ದಿನ ಹೋಗಬೇಕಾಗಿ ಬರಬಹುದು.

ಹಾಗೆಯೇ, ಏನೂ ಕೇಳದೆ ಕೂರುವುದು ವಿನಯ ಎಂದು ತಿಳಿಯಬಾರದು. ಮೊಮ್ಮಗಳ ಗೆಳತಿಯೊಬ್ಬಳಿಗೂ ಅದೇ ವರ್ಷ ಇನ್ನೊಂದು ಕಡೆ ಅವಕಾಶ ಸಿಕ್ಕಿತ್ತು. ಅವಳ ಪತ್ರಕ್ಕೂ ಉತ್ತರ ಬರಲಿಲ್ಲ. ದೊಡ್ಡವರನ್ನು ಮತ್ತೆ ಕೇಳುವುದು ಹೇಗೆ ಎಂದು ಸಂಕೋಚಪಟ್ಟು ಸುಮ್ಮನಾದಳು. ಜೂನ್ ಮೊದಲ ವಾರದಲ್ಲಿ ಅಲ್ಲಿಂದ ಪತ್ರ ಬಂತು: ‘ನೀವು ಯಾಕೆ ಬರಲಿಲ್ಲ? ನಿಮಗಾಗಿ ಜಾಗ ಇಟ್ಟಿದ್ದೆವು.’ ಒಳ್ಳೆಯ ಹುಡುಗಿ, ಬುದ್ಧಿವಂತೆ. ಅಳದ ಮಗುವಿಗೆ ಹಾಲು ಸಿಗದು ಎಂಬ ಗಾದೆಯನ್ನು ಅವಳಿಗೆ ಯಾರಾದರೂ ಸಮಯಕ್ಕೆ ಸರಿಯಾಗಿ ಹೇಳಬೇಕಿತ್ತು. ಅಳುವುದು ಎಂದರೆ ರಂಪ ಮಾಡುವುದಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಿತ್ತು.

ಮಾರ್ಗದರ್ಶಕರ ಸ್ಥಾನದಲ್ಲಿರುವ ಹಿರಿಯರು ಈ ಪತ್ರಿಕೆ ಓದುತ್ತಿದ್ದರೆ ಅವರಲ್ಲೂ ಒಂದು ಕೋರಿಕೆ. ನಿಮ್ಮ ಕೆಲಸದ ಭಾರ ನನಗೆ ಅರ್ಥವಾಗುತ್ತದೆ. ಪೂರ್ತಿ ಉತ್ತರ ಬರೆಯಲು ಸಮಯವಿಲ್ಲದಿದ್ದರೆ ‘ತಲುಪಿದೆ, ಮುಂದಿನ ವಾರ ಬರೆಯುತ್ತೇನೆ’ ಎಂದು ಒಂದು ಸಾಲು ಬರೆಯಿರಿ. ‘ಈ ಸಲ ಆಗುವುದಿಲ್ಲ’ ಎಂದರೂ ಸರಿಯೇ, ಮಗು ಬೇರೆ ದಾರಿ ನೋಡಿಕೊಳ್ಳುತ್ತದೆ. ನಿಮಗೆ ಅದು ರಾಶಿಯಲ್ಲಿ ಒಂದು ಪತ್ರ. ಅತ್ತ ಒಂದು ಮನೆಯಲ್ಲಿ ನಾಲ್ಕು ಜನ ಊಟದ ಬಟ್ಟಲಿನ ಪಕ್ಕದ ಫೋನನ್ನೇ ನೋಡುತ್ತಿರುತ್ತಾರೆ.

ಮೊಮ್ಮಗಳು ಎಂಟು ವಾರ ಅಲ್ಲಿದ್ದು ಬಂದಳು. ಈಗ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆದಿಟ್ಟುಕೊಂಡಿದ್ದಾಳೆ: ಬರೆದ ದಿನ, ಯಾರಿಗೆ, ಏನು ಕೇಳಿದ್ದು, ನೆನಪಿಸಬೇಕಾದ ದಿನ, ಉತ್ತರ ಬಂದ ದಿನ. ನಮ್ಮ ಕಲೆಕ್ಷನ್ ರಿಜಿಸ್ಟರಿನ ತದ್ರೂಪ. ನಾನು ಹೇಳಿಕೊಟ್ಟದ್ದಲ್ಲ, ಅವಳೇ ಮಾಡಿಕೊಂಡದ್ದು. ಈಗ ಕಾಲೇಜಿನ ಕಿರಿಯರು ‘ಅಕ್ಕಾ, ನೀವು ಹೋಗಿದ್ದ ಕಡೆ ಹೇಗೆ, ಯಾರಿಗೆ ಬರೆಯಬೇಕು’ ಎಂದು ಕೇಳಿ ಅವಳಿಗೆ ಪತ್ರ ಬರೆಯುತ್ತಾರೆ. ಎಷ್ಟೇ ಕೆಲಸವಿರಲಿ, ಬಂದ ದಿನವೇ ಒಂದು ಸಾಲಾದರೂ ಉತ್ತರ ಬರೆದು ಮಲಗುತ್ತಾಳೆ.